ರಾಯರ ಕಿವಿಗೊಂದು ಕುಳ್ಳ ಕಾರ್ಡು

ನಿವೃತ್ತಿಯ ನೆನಪು ಬರೆಯುತ್ತಿದ್ದೇನೆ ಎಂದಾಗ ಅಪ್ಪ ಕಾವಲಿಯ ಮುಂದಿನಿಂದಲೇ ತಿರುಗಿ ನಕ್ಕರು. ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದ ದಿನದಿಂದ ಅವರು ಒಂದೇ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದಾರೆ. ಈಗಲೂ ಬಿಟ್ಟಿಲ್ಲ.

"ಎಂತಾ ಮಾರಾಯ್ತಿ, ತಲೆಯಂಗೆ ಒಂದ್ ಬಿಳಿ ಕೂದ್ಲಿಲ್ಲೆ, ಆಗ್ಳೇ ರಿಟೈರಾ?" ಎಂದರು.

ಅವರು ನಗುವುದರಲ್ಲಿ ತಪ್ಪಿಲ್ಲ. ನನಗಿನ್ನೂ ಮೂವತ್ತೈದು ತುಂಬಿಲ್ಲ. ಆದರೆ ನಾನು ಬಿಟ್ಟ ಕೆಲಸಕ್ಕೇ ವಯಸ್ಸಾಯಿತು. ರಿಚಿ ಸ್ಟ್ರೀಟಿನ ಒಳಗಲ್ಲಿಯೊಂದರ ಪುಟ್ಟ ಅಂಗಡಿಯಲ್ಲಿ ನಾವು ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸುತ್ತಿದ್ದೆವು. ಅದರಲ್ಲೂ ನನ್ನ ಪಾಲಿನದು ಮನೆಯ ಹಾಲಿನ ಟಿವಿಗೆ ಜೋಡಿಸುವ ಸಣ್ಣ ಕಂಪ್ಯೂಟರುಗಳು: ಸಿನಿಮಾ, ಹಾಡು, ಮದುವೆಯ ವಿಡಿಯೊ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಟಿವಿಯ ಕೆಳಗೆ ಮಲಗಿರುವ ಚಪ್ಪಟೆ ಪೆಟ್ಟಿಗೆಗಳು. ಈಗ ಬಹಳ ಜನ ಬೆರಳುದ್ದದ ಕಡ್ಡಿಯೊಂದನ್ನು ಟಿವಿಯ ಹಿಂದೆ ಸಿಕ್ಕಿಸಿ ಮುಗಿಸುತ್ತಾರೆ. ಅಂಗಡಿಯ ಯಜಮಾನ ಸೆಲ್ವಂ ಅಣ್ಣ ಕಳೆದ ವರ್ಷ ಬಾಗಿಲು ಹಾಕಿದರು. ನಾನೀಗ ಅಂಬತ್ತೂರಿನ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಅಲ್ಲಿಗೆ ಬರುವ ನಮ್ಮ ಕನ್ನಡದ ಹುಡುಗಿಯರಿಬ್ಬರು "ನಿಜವಾಗಿ ಆ ಕೆಲಸ ಹೇಗಿತ್ತು ಅಕ್ಕ?" ಎಂದು ಕೇಳಿದ್ದರಿಂದ ಇದನ್ನು ಬರೆಯಲು ಕುಳಿತೆ.

ನಿಜವಾಗಿ ಅದು ಕೇಳುವ ಕೆಲಸವಾಗಿತ್ತು. ನೋಡುವುದು ಅದರಲ್ಲಿ ಕಡಿಮೆ. ಇದು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು.

ಮೊದಲ ದಿನದಿಂದಲೂ ನಾನು ಡೈರಿ ಇಟ್ಟವಳು. ಯಾವ ವಾರ, ಯಾವ ಬಡಾವಣೆ, ಯಾವ ಪೆಟ್ಟಿಗೆ, ಏನು ದೂರು ಎಂದು ಗೆರೆ ಎಳೆದು ಬರೆಯುತ್ತಿದ್ದೆ. ದೂರುಗಳಲ್ಲಿ ಹೆಚ್ಚಿನವು ಸದ್ದಿನವೇ ಎಂದು ತಿಳಿದ ಮೇಲೆ ಸದ್ದಿಗೆಂದೇ ಒಂದು ಅಂಕಣ ಮಾಡಿ, ಸದ್ದುಗಳಿಗೆ ಹೆಸರಿಟ್ಟೆ. ಸಣ್ಣ ಫ್ಯಾನಿನದು ಸೊಳ್ಳೆ. ಬೇರಿಂಗ್ ಸವೆದದ್ದು ಜೀರುಂಡೆ. ದೊಡ್ಡ ಫ್ಯಾನಿನದು ಗ್ರೈಂಡರ್. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಸದಾ ಸೊಳ್ಳೆಯೇ ಗೆಲ್ಲುತ್ತಿತ್ತು.

ಸೆಲ್ವಂ ಅಣ್ಣ ನನಗೆ ಕಲಿಸಿದ ಮೊದಲ ಪಾಠ ಸ್ಕ್ರೂಡ್ರೈವರಿನದಲ್ಲ. ಗಿರಾಕಿಯ ಮನೆಗೆ ಹೋದವರು ಪೆಟ್ಟಿಗೆ ಬಿಚ್ಚುವ ಮೊದಲು ಸುಮ್ಮನೆ ಕುಳಿತುಕೊಳ್ಳಬೇಕು. "ಮುದಲ್ಲ ಉಕ್ಕಾರು ಮಾ" ಎನ್ನುತ್ತಿದ್ದರು, ಮೊದಲು ಕೂತ್ಕೋಮ್ಮಾ ಎಂದು. ಎಲ್ಲಿ ಕೂರಬೇಕೆಂದರೆ ಮನೆಯವರು ಸಿನಿಮಾ ನೋಡುವ ಜಾಗದಲ್ಲೇ. ಯಂತ್ರದ ಪಕ್ಕ ಕುಳಿತರೆ ಯಂತ್ರದ ಸದ್ದು ಕೇಳುತ್ತದೆ, ಸೋಫಾದಲ್ಲಿ ಕುಳಿತರೆ ಮನೆಯ ತೊಂದರೆ ಕೇಳುತ್ತದೆ. ಅಂಗಡಿಯ ಬೇರೆ ಹುಡುಗರು ಇದನ್ನು ಅಣ್ಣನ ಕಾಫಿ ಕುಡಿಯುವ ಉಪಾಯ ಎಂದು ನಗುತ್ತಿದ್ದರು. ಕಾಫಿಯೂ ಸಿಗುತ್ತಿತ್ತು, ಸುಳ್ಳೇಕೆ ಹೇಳಲಿ.

ಎರಡನೆಯ ಪಾಠ ಕಲಿಸಿದ್ದು ತಿರುವೊಟ್ಟಿಯೂರಿನ ಒಬ್ಬ ಗಿರಾಕಿ. ಅವರದು ತೆಳ್ಳಗಿನ ಪೆಟ್ಟಿಗೆ. ಅಂಥದ್ದಕ್ಕೆ ಪರದೆಗೆ ಚಿತ್ರ ಕಳಿಸುವ ಅರ್ಧ ಎತ್ತರದ ಗ್ರಾಫಿಕ್ಸ್ ಕಾರ್ಡ್ ಬೇಕು. ಲೋ ಪ್ರೊಫೈಲ್ ಎಂದು ಅದರ ಡಬ್ಬದ ಮೇಲೆ ಬರೆದಿರುತ್ತದೆ. ನಮ್ಮ ಬೀದಿಯಲ್ಲಿ ಅದು ಕುಟ್ಟೆ ಕಾರ್ಡು, ಅಂದರೆ ಕುಳ್ಳ ಕಾರ್ಡು. ಡಬ್ಬ ಓದಿ, ಬಸ್ಸು ಹಿಡಿದು, ಅಷ್ಟು ದೂರ ಹೋದೆ. ಕಾರ್ಡೇನೋ ಕುಳ್ಳವೇ. ಆದರೆ ಅದನ್ನು ಪೆಟ್ಟಿಗೆಗೆ ತಿರುಪು ಹಾಕಿ ಬಿಗಿಯುವ ತಗಡಿನ ಪಟ್ಟಿ ಉದ್ದದ್ದು. ಕುಳ್ಳ ಪಟ್ಟಿ ಬೇರೆಯಾಗಿ ಬರುತ್ತದೆ. ನಾನು ತಂದ ಡಬ್ಬದಲ್ಲಿ ಅದು ಇರಲೇ ಇಲ್ಲ. ಪಟ್ಟಿಯನ್ನೇ ಕಳಚಿ ಕಾರ್ಡನ್ನು ಬರೀ ಬೋರ್ಡಿನ ಸ್ಲಾಟಿಗೆ ಸಿಕ್ಕಿಸಿ ಬಂದೆ. ಮಾರನೆಯ ದಿನ ಅವರ ಹೆಂಡತಿ ಧೂಳು ಹೊಡೆಯುವಾಗ ಕೇಬಲ್ ಜಗ್ಗಿತು, ಕಾರ್ಡು ವಾಲಿತು, ಚಿತ್ರ ಹೋಯಿತು. ಮತ್ತೆ ಅಷ್ಟೇ ದೂರದ ಬಸ್ಸು.

ಆ ಮನೆಯ ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಲಾರಿಗಳ ರಸ್ತೆ. ಅಂಥ ಜಾಗದಲ್ಲಿ ಅವರು ಕಾರ್ಡಿನ ಫ್ಯಾನ್ ಸದ್ದು ಮಾಡಬಾರದು ಎಂದು ಹಟ ಹಿಡಿದಿದ್ದರು. ಇಷ್ಟು ಗಲಾಟೆಯಲ್ಲಿ ಅದು ಹೇಗೆ ಕೇಳುತ್ತದೆ ಎಂದು ಕೇಳಿಯೇಬಿಟ್ಟೆ. ಅವರು ತಮಿಳಿನಲ್ಲಿ ಹೇಳಿದ ಉತ್ತರ ಇದು: "ಹೊರಗಿನ ಸದ್ದು ಊರಿಂದು ಕಣಮ್ಮಾ, ಅದು ನನ್ನನ್ನ ಕೇಳಿ ಬರಲ್ಲ. ಒಳಗಿನದು ನಾನೇ ಕರ್ಕೊಂಡು ಬಂದದ್ದು." ಅವತ್ತು ಅದು ಬರೀ ಮಾತಿನ ಚಮತ್ಕಾರ ಅನ್ನಿಸಿತ್ತು.

ಇನ್ನು ರಾಯರ ಮನೆ. ಈ ಕೆಲಸದಲ್ಲಿ ನಾನು ನೋಡಿದ ಮನೆಗಳನ್ನೆಲ್ಲ ಮರೆತರೂ ಅದೊಂದು ಉಳಿಯುತ್ತದೆ.

ತಮಿಳರ ಆಡಿ ತಿಂಗಳ ಒಂದು ಶನಿವಾರ ಬೆಸೆಂಟ್ ನಗರದಿಂದ ಸುಶೀಲಾ ಮಾಮಿಯ ಫೋನು ಬಂತು. "ಕನ್ನಡ ಬರೋ ಹುಡುಗಿ ಇದಾಳಂತಲ್ಲ, ಅವಳನ್ನೇ ಕಳಿಸಿ" ಎಂದು ಸೆಲ್ವಂ ಅಣ್ಣನಿಗೆ ಹೇಳಿದ್ದರು. ಅವರದು ಮದರಾಸಿನಲ್ಲೇ ಮೂರು ತಲೆಮಾರು ಕಳೆದ ಮಾಧ್ವ ಮನೆತನ. ಹಾಲಿನ ಗೋಡೆಗೆ ತೇಗದ ಶೋಕೇಸು, ಅದರ ನಡುವೆ ಹೊಸದಾಗಿ ಬಂದ ದೊಡ್ಡ ಟಿವಿ, ಟಿವಿಯ ಕೆಳಗಿನ ಖಾನೆಯಲ್ಲಿ ಚಪ್ಪಟೆ ಕಂಪ್ಯೂಟರು. ಮೊಮ್ಮಗಳು ಅಪೂರ್ವಾ ಕಾಲೇಜಿಗೆ ಹೋಗುವವಳು. ಅಜ್ಜಿಯ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತ ಸೋಫಾದಲ್ಲಿ ಕಾಲು ಚಾಚಿದ್ದಳು. ಬಾಲ್ಕನಿಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಮಾಮಿಯ ಗಂಡ ರಾಯರು ಕುಳಿತಿದ್ದರು. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಎರಡೂ ಕಿವಿಗೆ ಶ್ರವಣಯಂತ್ರ.

ಟಿವಿ ಹಾಕಿದರು. ಕಂಪ್ಯೂಟರು ಮಿಕ್ಸಿಯಂತೆ ಅರಚಲು ಶುರು ಮಾಡಿತು.

"ನೋಡಿದಿಯಾಮ್ಮಾ," ಎಂದರು ಮಾಮಿ. "ಹೊಸ ಟಿವಿ ಬಂದಾಗಿಂದ ಇದೇ ಕೂಗು. ಮದುವೆ ಆದಾಗಿಂದ ನಾವಿಬ್ರೂ ಭಾನುವಾರ ಒಟ್ಟಿಗೇ ಸಿನಿಮಾ ನೋಡಿದೋರು. ಮೊದ್ಲು ಥಿಯೇಟರಲ್ಲಿ, ಆಮೇಲೆ ಮನೇಲಿ. ಈಗ ನಾನಿಲ್ಲಿ, ಅವರಲ್ಲಿ. ಆ ಬಾಲ್ಕನಿಯೇ ಅವರಿಗೆ ಕೈಲಾಸ. ಕರೆದ್ರೂ ಬರಲ್ಲ. ಜಂಬ."

"ಮಾಮಿ, ಮೆಲ್ಲಗೆ," ಎಂದೆ. ರಾಯರು ಅಲ್ಲೇ ಇದ್ದರು.

"ಅವರಿಗೆಲ್ಲಿ ಕೇಳ್ಸತ್ತೆ ಬಿಡು. ಚುಮ್ಮಾ ಕಿವಿ ಮಿಷನ್ ಹಾಕ್ಕೊಂಡಿರೋದು, ಕಮ್ಮಲ್ ಥರ, ಓಲೆ ಥರ."

ನಾನು ಬಾಲ್ಕನಿಗೆ ಹೋಗಿ ರಾಯರ ಎದುರು ನಿಂತು, ತುಟಿ ಕಾಣುವಂತೆ, ಒಳಗೇಕೆ ಕೂರುವುದಿಲ್ಲ ಎಂದು ಕೇಳಿದೆ.

"ಒಳಗೆ ಮಾತು ಕೇಳ್ಸಲ್ಲಮ್ಮಾ," ಎಂದರು ಅವರು ಶಾಂತವಾಗಿ. "ರೈಸ್ ಮಿಲ್ಲು ಕೇಳ್ಸತ್ತೆ. ಗಿರಣಿಯೊಳಗೆ ಕೂತು ಜನರ ಬಾಯಿ ಆಡೋದನ್ನ ನೋಡ್ತಾ ಇರೋದಕ್ಕಿಂತ ಇಲ್ಲಿ ಕಾಗೆ ನೋಡೋದು ವಾಸಿ."

ಅಲ್ಲಿಗೆ ನನಗೆ ಕೆಲಸ ಏನೆಂದು ತಿಳಿಯಿತು. ಅವರನ್ನು ಆ ಕುರ್ಚಿಯಿಂದ ಎಬ್ಬಿಸಿ ಸೋಫಾಕ್ಕೆ ತರಬೇಕು. ಉಳಿದದ್ದೆಲ್ಲ ತಿರುಪು, ತಂತಿ.

ಆ ಪೆಟ್ಟಿಗೆ ಹಳೆಯದು. ಅದರ ಪ್ರೊಸೆಸರಿಗೆ ಹೊಸ ರೀತಿಯ ವಿಡಿಯೊ ಅಭ್ಯಾಸವಿಲ್ಲ. ಇಂದಿನ ಸಿನಿಮಾಗಳು ಜಾಗ ಉಳಿಸಲೆಂದು ಪಟ್ಟೆ ಸೀರೆಯಂತೆ ಬಿಗಿಯಾಗಿ ಮಡಚಿ ಬರುತ್ತವೆ. ತೋರಿಸುವ ಮೊದಲು ಪ್ರತಿ ಮಡಿಕೆಯನ್ನೂ ಬಿಚ್ಚಬೇಕು. ಹಳೆಯ ಚಿತ್ರಗಳನ್ನೂ ದೊಡ್ಡ ಟಿವಿಯ ಅಗಲಕ್ಕೆ ಹಿಗ್ಗಿಸಬೇಕು. ಪ್ರೊಸೆಸರ್ ಎಲ್ಲವನ್ನೂ ಒಂಟಿಯಾಗಿ ಮಾಡಿ ಬಿಸಿಯಾಗುತ್ತಿತ್ತು, ಅದನ್ನು ತಣಿಸಲು ಫ್ಯಾನ್ ಓಡುತ್ತಿತ್ತು. ಆ ಕೆಲಸಕ್ಕೆಂದೇ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಪ್ರೊಸೆಸರ್ ಕೈ ಕಟ್ಟಿ ಕೂರುತ್ತದೆ, ಅದರ ಫ್ಯಾನೂ ಸುಮ್ಮನಾಗುತ್ತದೆ ಎಂದೆ.

"ಇನ್ನೊಂದು ಮಿಷನ್ ಒಳಗೆ ಹಾಕಿದ್ರೆ ಸದ್ದು ಕಡಿಮೆ ಆಗತ್ತಾ? ಅದೆಂಥ ಲೆಕ್ಕಮ್ಮಾ?" ಎಂದು ಮಾಮಿ ನಕ್ಕರು.

ನಾನು ಅಪ್ಪನ ಹೋಟೆಲಿನ ಕಥೆ ಹೇಳಿದೆ. ಒಂದು ವರ್ಷ ಅಪ್ಪ ಊರಿಗೆ ಹೋಗಿದ್ದಾಗ ಸಾಂಬಾರಿನ ಭಟ್ಟರೇ ದೋಸೆಯನ್ನೂ ಹೊಯ್ಯಬೇಕಾಯಿತು. ಅವರ ಕೂಗಾಟ ಗಲ್ಲಾಪೆಟ್ಟಿಗೆಯವರೆಗೂ ಕೇಳುತ್ತಿತ್ತಂತೆ. ಅಪ್ಪ ಬಂದು ಕಾವಲಿಯ ಮುಂದೆ ನಿಂತ ದಿನ ಅಡುಗೆಮನೆ ತಣ್ಣಗಾಯಿತು. ಒಬ್ಬರು ಹೆಚ್ಚಾದರು, ಸದ್ದು ಕಡಿಮೆಯಾಯಿತು. "ಅಂವ ಒಬ್ನೇ ಎಲ್ಲ ಮಾಡ್ಕ್ ಅಂದ್ರೆ ಬೊಬ್ಬೆ ಹಾಕ್ದೆ ಎಂತ ಮಾಡ್ತ?" ಎಂದು ಅಪ್ಪ ಇವತ್ತಿಗೂ ಆ ಭಟ್ಟರ ಪರವಾಗಿಯೇ ಮಾತಾಡುತ್ತಾರೆ. ಮಾಮಿಗೆ ಲೆಕ್ಕ ಒಪ್ಪಿಗೆಯಾಯಿತು.

ಕಾರ್ಡು ಹುಡುಕುವಾಗ ಎತ್ತರ ಮೊದಲು ನೋಡಿದೆ. ಆ ಪೆಟ್ಟಿಗೆಯಲ್ಲಿ ಕಾರ್ಡಿಗೆ ಬೇರೆ ಕರೆಂಟಿನ ತಂತಿ ಇರಲಿಲ್ಲವಾದ್ದರಿಂದ ಸ್ಲಾಟಿನಿಂದ ಸಿಗುವಷ್ಟರಲ್ಲೇ ಬದುಕುವ ಕಾರ್ಡು ಬೇಕಿತ್ತು. ಹೊಸ ಮಡಿಕೆಗಳನ್ನು ಬಿಚ್ಚಲು ಬಲ್ಲದ್ದೂ ಆಗಿರಬೇಕು. ತಿರುವೊಟ್ಟಿಯೂರಿನ ಪುಣ್ಯದಿಂದ, ಅಂಗಡಿಯಲ್ಲೇ ಡಬ್ಬ ಬಿಚ್ಚಿ ಕುಳ್ಳ ಪಟ್ಟಿ ಇದೆಯೇ ಎಂದು ನೋಡಿ ತಂದೆ. ಕಾರ್ಡಿನ ಮೇಲೆ ಉದ್ದಿನವಡೆಯಷ್ಟಗಲದ ಒಂದು ಪುಟ್ಟ ಫ್ಯಾನು.

ಹಾಕಿದೆ. ಟಿವಿ ಹಚ್ಚಿದೆ. ಅರಚಾಟ ನಿಂತುಹೋಯಿತು. ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ನಿಲ್ಲುತ್ತದೆಂದು ನನಗೇ ಅನ್ನಿಸಿರಲಿಲ್ಲ. ಹಾಲಿನಲ್ಲಿ ಛಾವಣಿ ಫ್ಯಾನಿನ ಗುರುಗುರು ಬಿಟ್ಟರೆ ಏನೂ ಉಳಿಯಲಿಲ್ಲ. ಮಾಮಿ ಬಾಲ್ಕನಿಗೆ ಹೋಗಿ ಗಂಡನನ್ನು ಕೈ ಹಿಡಿದು ಕರೆತಂದರು.

ರಾಯರು ಕುಳಿತರು. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದರು. "ಒಂದು ಸೊಳ್ಳೆ ಇದೆ," ಎಂದರು.

ನನ್ನ ಡೈರಿಯ ಆ ಪದ ಅವರಿಗೆ ಹೇಗೆ ಗೊತ್ತು!

"ತಾತಾ, ಒರು ಸತ್ತಮೂ ಇಲ್ಲ," ಎಂದಳು ಅಪೂರ್ವಾ, ಒಂದು ಸದ್ದೂ ಇಲ್ಲವೆಂದು.

"ಇವರಿಗೆ ಇರೋದು ಕೇಳ್ಸಲ್ಲ, ಇಲ್ದೇ ಇರೋದು ಕೇಳ್ಸತ್ತೆ," ಎಂದರು ಮಾಮಿ. "ಬರಬಾರ್ದು ಅಂತ ಇದ್ರೆ ಸೊಳ್ಳೆ ಏನು, ಆನೇನೂ ಕೇಳ್ಸತ್ತೆ."

ರಾಯರು ಎದ್ದು ಬಾಲ್ಕನಿಗೆ ಹೋದರು. ನಾನು ಪೆಟ್ಟಿಗೆಗೆ ಕಿವಿ ಹಚ್ಚಿದೆ. ಹಚ್ಚಿದರೆ, ಹೌದು, ಕೂದಲೆಳೆಯಷ್ಟು ಸಣ್ಣ ಕೊರೆತ. ಒಂದು ಮೊಳ ದೂರ ಬಂದರೆ ನನಗದು ಇಲ್ಲ. ಅದು ಅವರಿಗೆ ನಿಜವಾಗಿಯೂ ಕೇಳಿಸುತ್ತದೆಯೇ? ಪರೀಕ್ಷೆ ಮಾಡೋಣ ಎಂದೆ. ರಾಯರು ಸೋಫಾದಲ್ಲಿ ನಮಗೆ ಬೆನ್ನು ಹಾಕಿ ಕುಳಿತರು. ಅಪೂರ್ವಾ ಮುಚ್ಚಳ ಹಿಡಿದುಕೊಂಡಳು. ನಾನು ಪೆನ್ಸಿಲಿನ ರಬ್ಬರ್ ತುದಿಯನ್ನು ಆ ಪುಟ್ಟ ಫ್ಯಾನಿನ ನಡುವೆ ಮೆಲ್ಲಗೆ ಒತ್ತಿದೆ. ಅದು ನಿಂತಿತು.

"ಹೋಯ್ತು," ಎಂದರು ರಾಯರು.

ಬಿಟ್ಟೆ.

"ಬಂತು."

ಒತ್ತಿದೆ. "ಹೋಯ್ತು." ಬಿಟ್ಟಂತೆ ಮಾಡಿ ಬಿಡಲಿಲ್ಲ. ಅವರು ಸುಮ್ಮನಿದ್ದರು. ಬಿಟ್ಟೆ. "ಬಂತು." ಅಪೂರ್ವಾ ಸರದಿ ತೆಗೆದುಕೊಂಡು ಪೆನ್ಸಿಲ್ ಹಿಡಿದಳು. ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಅವಳು ಮುಚ್ಚಳವನ್ನು ನೆಲಕ್ಕಿಟ್ಟು ತಾತನ ಎದುರು ಹೋಗಿ ಕುಳಿತು, ಅವರ ಕಿವಿಗಳನ್ನು ಹೊಸ ವಸ್ತುವಿನಂತೆ ನೋಡತೊಡಗಿದಳು. ಆ ಹಾಲಿನಲ್ಲಿ ನಾಲ್ಕು ಜನ ಇದ್ದೆವು. ಮೂವರಿಗೆ ಕೇಳಿಸದ್ದು ಕಿವುಡರೆಂದು ಹೆಸರಾದ ಒಬ್ಬರಿಗೇ ಕೇಳಿಸುತ್ತಿತ್ತು.

ಆಮೇಲೆ ಶ್ರವಣಯಂತ್ರ ಹೊಂದಿಸುವ ಒಬ್ಬರನ್ನು ಕೇಳಿ ತಿಳಿದುಕೊಂಡೆ. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ತೆಳ್ಳಗಿನ ಸದ್ದುಗಳು. ಮಾತಿನ ಅಂಚುಗಳೆಲ್ಲ ಇರುವುದು ಅಲ್ಲೇ. ಆದ್ದರಿಂದ ಕಿವಿಯ ಯಂತ್ರ ಅವನ್ನೇ ಹುಡುಕಿ ದೊಡ್ಡದು ಮಾಡುತ್ತದೆ. ಛಾವಣಿ ಫ್ಯಾನಿನ ದಪ್ಪ ಸದ್ದನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ, ಸಣ್ಣ ಫ್ಯಾನಿನ ಕೊರೆತವನ್ನು ಎತ್ತಿ ಕಿವಿಗೆ ಸುರಿಯುತ್ತದೆ. ಇಷ್ಟು ವರ್ಷ ನಾನು ಸದ್ದನ್ನು ನನ್ನ ಕಿವಿಯಿಂದ ಅಳೆದಿದ್ದೆ. ಅವತ್ತಿನ ಪುಟದಲ್ಲಿ ಹೊಸ ಅಂಕಣ ಎಳೆದೆ: ಯಾರ ಕಿವಿ?

ಈಗ ಕೆಲಸಕ್ಕೆ ಬರುವವರು ಕಾರ್ಡು ಆರಿಸಲು ಮೊಬೈಲಿನಲ್ಲಿ ಹತ್ತು ಜನರ ಅಭಿಪ್ರಾಯ ಓದುತ್ತಾರೆ. ಒಳ್ಳೆಯದೇ. ನಮ್ಮ ಕಾಲದಲ್ಲಿ ಬೀದಿಯ ಮಾತು ನಂಬಿ ಚೀಲದಲ್ಲಿ ಮೂರು ಕಾರ್ಡು ಹೊತ್ತು ಅಲೆಯುತ್ತಿದ್ದೆವು. ಆದರೆ ಬರೆದ ಹತ್ತು ಜನರೂ ಎಳೆಯ ಕಿವಿಯವರೇ ಇರಬಹುದು. "ಸದ್ದೇ ಇಲ್ಲ" ಎಂದು ಅವರು ಬರೆದದ್ದು ಅವರ ಮಟ್ಟಿಗೆ ನಿಜ.

ಫ್ಯಾನೇ ಇಲ್ಲದ ಕುಳ್ಳ ಕಾರ್ಡು ಸಿಗುವಾಗ ಮುಂದಿನ ಆವಣಿ ತಿಂಗಳೇ ಬಂತು. ಫ್ಯಾನಿನ ಜಾಗದಲ್ಲಿ ಅಲ್ಯೂಮಿನಿಯಂ ರೆಕ್ಕೆಗಳ ಸಾಲು, ಪಕ್ಕದ ಖಾಲಿ ಸ್ಲಾಟಿನ ಜಾಗವನ್ನೂ ತಿನ್ನುವಷ್ಟು ದಪ್ಪ. "ಇದು ಹೇಗಣ್ಣ ತಣ್ಣಗಾಗುತ್ತೆ?" ಎಂದು ಸೆಲ್ವಂ ಅಣ್ಣನನ್ನು ಕೇಳಿದೆ. ಅವರು ಬಿಸಿ ಚಹಾದ ಲೋಟವನ್ನು ನನ್ನ ಮುಂದಿಟ್ಟು ಮೇಲೇಳುತ್ತಿದ್ದ ಹಬೆಯನ್ನು ತೋರಿಸಿದರು. "ಇದನ್ನ ಯಾರು ತಳ್ತಿದಾರೆ?" ಎಂದು ತಮಿಳಿನಲ್ಲಿ ಕೇಳಿ, ಚಹಾ ಕುಡಿದುಬಿಟ್ಟರು.

ರಾಯರ ಮನೆಯಲ್ಲಿ ಅದನ್ನು ಕೂರಿಸಿ, ಮುಚ್ಚಳದ ತೂತುಗಳ ಮೇಲೆ ಅಂಗೈ ಹಿಡಿದೆ. ಯಾರೂ ಊದದ, ಯಾರೂ ನೂಕದ ಒಂದು ಬೆಚ್ಚಗಿನ ಉಸಿರು ತಾನಾಗಿ ಮೇಲೇಳುತ್ತಿತ್ತು. ಎಷ್ಟೋ ಕಂಪ್ಯೂಟರ್ ಜೋಡಿಸಿದ ಕೈ ನನ್ನದು. ಆ ಉಸಿರಿನ ಮೇಲಿಂದ ಅದನ್ನು ತೆಗೆಯಲು ಮನಸ್ಸೇ ಬರಲಿಲ್ಲ. ರಾಯರು ಸೋಫಾದಲ್ಲಿ ಕುಳಿತರು, ತಲೆ ಓರೆ ಮಾಡಿದರು, ಮತ್ತೆ ನೆಟ್ಟಗೆ ಮಾಡಿದರು. ಏಳಲಿಲ್ಲ. ಆ ಭಾನುವಾರ ಇಡೀ ಸಿನಿಮಾ ಕುಳಿತರೆಂದು ಮಾಮಿ ಫೋನು ಮಾಡಿದರು. ಅದರ ಮುಂದಿನ ಭಾನುವಾರವೂ.

"ಅವೇ ಹಳೇ ಕಪ್ಪುಬಿಳುಪು ಕನ್ನಡ ಸಿನಿಮಾಗಳಮ್ಮಾ. ನೂರು ಸಲ ನೋಡಿರೋದು. ಆದ್ರೂ ಕಣ್ಣು ಪಿಳುಕಿಸದೆ ಕೂತಿರ್ತಾರೆ. ನಾನು ಪಕ್ಕದಲ್ಲಿ ಕೂತು ಬಾಯಿಗೆ ಬಂದದ್ದು ಬೈತಾ ಇರ್ತೀನಿ, ಅವರಿಗೆ ಗೊತ್ತೇ ಆಗಲ್ಲ," ಎಂದು ಖುಷಿಯಿಂದ ಹೇಳಿದರು.

ನವರಾತ್ರಿ ಬಂತು. ಕೊಲು, ಅಂದರೆ ಹಬ್ಬದ ಗೊಂಬೆಗಳನ್ನು, ಕೂರಿಸಿದ ಮೂರನೆಯ ದಿನ ಬೆಳಿಗ್ಗೆ ಮತ್ತೆ ಫೋನು. ಈ ಸಲ ಧ್ವನಿ ಇಳಿದಿತ್ತು. ಸಿನಿಮಾ ಹಾಕಿದ ಸ್ವಲ್ಪ ಹೊತ್ತಿಗೆ ಚಿತ್ರ ತಡವರಿಸುತ್ತದೆ, ಆಮೇಲೆ ಟಿವಿ ಕಪ್ಪಾಗುತ್ತದೆ. ಎರಡು ದಿನದಿಂದ ಇದೇ. ರಾಯರು ಮತ್ತೆ ಬಾಲ್ಕನಿಗೆ ಹೋಗಿ ಕುಳಿತಿದ್ದಾರೆ.

ಸಂಜೆ ಕುಂಕುಮಕ್ಕೆ ಹೆಂಗಸರು ಬರುವ ಮೊದಲೇ ಮುಗಿಸಬೇಕೆಂದು ಮಧ್ಯಾಹ್ನವೇ ಹೋದೆ. ಮನೆಯ ಹಾಲ್ ಗುರುತು ಸಿಗದಂತಾಗಿತ್ತು. ಟಿವಿಯ ಎರಡು ಪಕ್ಕಕ್ಕೂ ಬಿಳಿ ಪಂಚೆ ಹೊದಿಸಿದ ಮೆಟ್ಟಿಲಿನಂಥ ಪಡಿಗಳು, ಅವುಗಳ ತುಂಬ ಗೊಂಬೆಗಳು. ಕಂಪ್ಯೂಟರು ಮಾತ್ರ ಎಲ್ಲಿಯೂ ಕಾಣಲಿಲ್ಲ.

"ಪೆಟ್ಟಿಗೆ ಎಲ್ಲಿ ಮಾಮಿ?"

"ಅಲ್ಲೇ ಇದೆಯಲ್ಲ, ಅಂಗಡಿ ಕೆಳಗೆ."

ಟಿವಿಯ ಕೆಳಗಿನ ಖಾನೆಯಲ್ಲಿ ಚೆಟ್ಟಿಯಾರ್ ಅಂಗಡಿ ಇತ್ತು. ಪ್ರತಿ ಕೊಲುವಿನಲ್ಲೂ ಇರುವ ದಪ್ಪ ಹೊಟ್ಟೆಯ ವ್ಯಾಪಾರಿ ಗೊಂಬೆ ಚೆಟ್ಟಿಯಾರ್, ಪಕ್ಕದಲ್ಲಿ ಹೆಂಡತಿ, ಮುಂದೆ ಪುಟ್ಟ ತಟ್ಟೆಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಎಲ್ಲವೂ ಒಂದು ಮರದ ಮಣೆಯ ಮೇಲೆ. ಮಣೆ ಬಿಳಿ ಬಟ್ಟೆಯ ಮೇಲೆ. ಬಟ್ಟೆಯ ಕೆಳಗೆ, ಉಸಿರಾಡುವ ತೂತುಗಳೆಲ್ಲ ಮುಚ್ಚಿಹೋಗಿ, ನಮ್ಮ ಕಂಪ್ಯೂಟರು. ನಾನು ಚೆಟ್ಟಿಯಾರನ್ನು ಮುಟ್ಟಿದೆ. ಕೆನ್ನೆ ಬೆಚ್ಚಗಿತ್ತು.

"ಮಾಮಿ, ಚೆಟ್ಟಿಯಾರಿಗೆ ಜ್ವರ ಬಂದಿದೆ."

"ಅಯ್ಯೋ, ಅದು ಆಫ್ ಆಗಿತ್ತಮ್ಮಾ! ಸದ್ದೇ ಇರ್ಲಿಲ್ಲ. ಚಪ್ಪಟೆಯಾಗಿ, ಪಡಿ ಥರ ಇತ್ತು, ಸೆರಿ ಅಂತ ಮಣೆ ಇಟ್ಟೆ. ಮುಂಚೆ ಆ ಕೂಗಿಗೆ ಹತ್ರ ಹೋಗೋಕೇ ಭಯ ಆಗ್ತಿತ್ತು, ಅದರ ಮೇಲೆ ಯಾರು ಗೊಂಬೆ ಇಡ್ತಾರೆ?"

ಕೂಗುವ ಯಂತ್ರದ ಮೇಲೆ ಯಾರೂ ಏನೂ ಇಡುವುದಿಲ್ಲ. ಆದ್ದರಿಂದ ಮೇಲೆ ಏನೂ ಇಡಬೇಡಿ ಎಂದು ಅಷ್ಟು ವರ್ಷದಲ್ಲಿ ನಾನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಸದ್ದನ್ನು ತೆಗೆದಾಗ ಅದರ ಜೊತೆಗೆ ಆ ಎಚ್ಚರಿಕೆಯನ್ನೂ ತೆಗೆದಿದ್ದೆ. ಪುಣ್ಯಕ್ಕೆ ಏನೂ ಸುಟ್ಟಿರಲಿಲ್ಲ. ಬಿಸಿ ಮೀರಿದರೆ ಕಾರ್ಡು ತಾನೇ ಮೊದಲು ನಿಧಾನವಾಗುತ್ತದೆ, ಆಮೇಲೆ ಕಣ್ಣು ಮುಚ್ಚುತ್ತದೆ.

"ಮಣೆ ಎತ್ತಿ ಬೇರೆ ಕಡೆ ಇಟ್ಟುಬಿಡೋಣ," ಎಂದೆ.

ಮಾಮಿಯ ಮುಖ ಗಂಭೀರವಾಯಿತು. "ಕೂರಿಸಿದ ಗೊಂಬೆ ವಿಜಯದಶಮಿವರೆಗೂ ಕದಲಿಸೋ ಹಾಗಿಲ್ಲ. ನಮ್ಮತ್ತೆ ಕಾಲದಿಂದ ನಡೆದು ಬಂದದ್ದು. ನೀನು ಆಮೇಲೆ ಬಂದು ಆ ಫ್ಯಾನ್ ಇರೋ ಕಾರ್ಡೇ ಹಾಕ್ಬಿಡು ಕಣ್ಣಾ. ಸದ್ದಿದ್ರೆ ಬದುಕಿದೆ ಅಂತ ಗೊತ್ತಾಗತ್ತೆ. ಇದು ಇದ್ರೂ ಒಂದೇ, ಸತ್ರೂ ಒಂದೇ."

ಬಾಲ್ಕನಿಯ ಬಾಗಿಲಲ್ಲಿ ರಾಯರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಅವರ ಮುಖ ಹೇಳುತ್ತಿತ್ತು. ಎಡಗಿವಿಯ ಯಂತ್ರ ತೆಗೆದರು, ಬಲಗಿವಿಯದನ್ನೂ ತೆಗೆದರು, ಜೇಬಿನ ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದರು. ಆ ಟಕ್ ಎಂಬ ಸದ್ದು ಅವರಿಗೆ ಕೇಳಿಸಿರಲಾರದು. ನಮ್ಮ ಮೂವರಿಗೂ ಕೇಳಿಸಿತು.

ಅಪೂರ್ವಾಗೆ ಅಳು ಬಂದ ಹಾಗಿತ್ತು. "ಪಾಟೀ, ಬೊಂಬೆ ಎತ್ತೋದ್ ಬೇಡ," ಎಂದಳು ಅಜ್ಜಿಗೆ. ಅವಳು ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಂಗಡೀನೇ ಎತ್ತಿದ್ರೆ? ಮಣೆ ಜೊತೆ? ಅವರು ಕೂತಲ್ಲೇ ಇರ್ತಾರಲ್ಲ?"

ಮಾಮಿ ಬಹಳ ಹೊತ್ತು ಯೋಚಿಸಿದರು. ಅತ್ತೆಯನ್ನು ಮನಸ್ಸಿನಲ್ಲೇ ಕೇಳುತ್ತಿದ್ದಂತಿತ್ತು. "ಅಂಗಡಿ ಸಮೇತ ಎತ್ತಿದ್ರೆ ಚೆಟ್ಟಿಯಾರ್ ಕದಲಿದ ಹಾಗಲ್ಲ," ಎಂದು ತೀರ್ಪು ಕೊಟ್ಟು, ಅಡುಗೆಮನೆಗೆ ಹೋಗಿ ಕಾಫಿಯ ನಾಲ್ಕು ಹಿತ್ತಾಳೆ ದಬರಾ ಬಟ್ಟಲು ತಂದರು.

ನಾನೂ ಅಪೂರ್ವಾನೂ ಮಣೆಯ ಎರಡು ತುದಿ ಹಿಡಿದು ದೇವರ ಪಲ್ಲಕ್ಕಿಯಂತೆ ಎತ್ತಿದೆವು. ಒಂದು ಬೇಳೆಯೂ ಉರುಳಲಿಲ್ಲ. ಮಾಮಿ ಬಟ್ಟೆ ಎಳೆದು ದಬರಾಗಳನ್ನು ಪೆಟ್ಟಿಗೆಯ ಮುಚ್ಚಳದ ನಾಲ್ಕು ಮೂಲೆಗೆ ಬೋರಲು ಹಾಕಿದರು. ಇಳಿಸಿದೆವು. ಚೆಟ್ಟಿಯಾರ್ ಅಂಗಡಿಗೆ ಹಿತ್ತಾಳೆಯ ಕಾಲು ಬಂತು. ಕೆಳಗೆ ಗಾಳಿಗೆ ದಾರಿಯಾಯಿತು. ಯಂತ್ರ ಸ್ವಲ್ಪ ಆರಿದ ಮೇಲೆ ಸಿನಿಮಾ ಹಾಕಿ ಕಾದೆವು.

ಮೊದಲು ಕಂಡದ್ದು ರಾಯರಿಗೆ. ಬಾಲ್ಕನಿಯಿಂದ ನಿಧಾನವಾಗಿ ನಡೆದು ಬಂದು ಮಣೆಯ ಅಂಚಿಗೆ ಬೆರಳು ತೋರಿಸಿದರು. ಅಲ್ಲಿ ಮಾಮಿ ಅಂಟಿಸಿದ್ದ ಜರಿ ಕಾಗದದ ಝಾಲರು ಇತ್ತು. ಅದು ಅಲುಗುತ್ತಿತ್ತು.

"ಅದು ಮೇಲಿನ ಫ್ಯಾನಿನ ಗಾಳಿ," ಎಂದರು ಮಾಮಿ.

ಅಪೂರ್ವಾ ಹೋಗಿ ಛಾವಣಿ ಫ್ಯಾನ್ ಆರಿಸಿದಳು. ಬಾಲ್ಕನಿಯ ಬಾಗಿಲನ್ನೂ ಮುಚ್ಚಿದಳು. ಫ್ಯಾನ್ ಸುತ್ತಿ ಸುತ್ತಿ ನಿಂತಿತು. ಸೆಖೆ ಮೈಗೆ ಹತ್ತಿತು. ನಾವು ನಾಲ್ವರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆವು. ಝಾಲರಿನ ಚಿನ್ನದ ಎಳೆಗಳು ಒಂದೊಂದಾಗಿ ಮೇಲೇಳುತ್ತಿದ್ದವು, ನಡುಗುತ್ತಿದ್ದವು, ಇಳಿಯುತ್ತಿದ್ದವು. ಒಂದು ಚೂರೂ ಸದ್ದಿಲ್ಲ. ಅಂಗೈಯಲ್ಲಿ ಹಿಂದೆ ಅನುಭವಿಸಿದ್ದ ಆ ಉಸಿರು ಈಗ ಕಣ್ಣಿಗೇ ಕಾಣುತ್ತಿತ್ತು.

"ಉಸಿರಾಡ್ತಾ ಇದೆ," ಎಂದರು ಮಾಮಿ, ಪಿಸುದನಿಯಲ್ಲಿ. ಅವರ ಕೈಗಳು ತಾವಾಗಿಯೇ ಕೂಡಿಕೊಂಡಿದ್ದವು. ಅದು ಚೆಟ್ಟಿಯಾರಿಗೋ, ಕಾರ್ಡಿಗೋ ನಾನು ಕೇಳಲಿಲ್ಲ.

ರಾಯರು ಡಬ್ಬಿ ತೆಗೆದು ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಸೋಫಾದ ತಮ್ಮ ಮೂಲೆಯಲ್ಲಿ ಕುಳಿತರು. ಫ್ಯಾನ್ ಮತ್ತೆ ಹಾಕಿದೆವು. ಹಳೆಯ ಚಿತ್ರ ಓಡುತ್ತಿತ್ತು. ಅದರ ನಾಯಕ ಹೆಂಡತಿ ಬಡಿಸಿದ ಪಾಯಸ ಕುಡಿದು ಬಾಯ್ತುಂಬ ಹೊಗಳುತ್ತಿದ್ದ. ಮಧ್ಯಾಹ್ನದ ನೈವೇದ್ಯವಾಗಿದ್ದ ಕಡಲೆ ಸುಂಡಲನ್ನು, ನಮ್ಮ ಉಸಲಿಯನ್ನು, ಮಾಮಿ ಎಲ್ಲರಿಗೂ ಬಟ್ಟಲಿನಲ್ಲಿ ಕೊಟ್ಟು, ನನ್ನ ಪಕ್ಕ ಕುಳಿತು ಗೊಣಗಿದರು:

"ನೋಡು, ಹಾಗೆ ಹೇಳ್ಬೇಕು. ನಮ್ಮನೇಲೂ ಒಬ್ರಿದಾರೆ. ಹಾಕಿದ್ದು ತಿಂತಾರೆ, ಎದ್ದು ಹೋಗ್ತಾರೆ. ಉಪ್ಪಿತ್ತಾ ಇಲ್ವಾ, ಒಂದು ಮಾತಿಲ್ಲ."

ರಾಯರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಉಪ್ಪು ಸರಿಯಾಗಿದೆ," ಎಂದರು. "ಕಾಯಿತುರಿ ಇನ್ನೊಂದು ಸ್ವಲ್ಪ ಬೇಕಿತ್ತು."

ಮಾಮಿಯ ಚಮಚ ಗಾಳಿಯಲ್ಲೇ ನಿಂತಿತು.

"ಕೇಳಿಸ್ತಾ?"

"ಹ್ಞೂಂ."

"ಯಾವಾಗಿಂದ ಕೇಳ್ಸತ್ತೆ?"

"ಈ ಕಾರ್ಡು ಹಾಕಿದ ದಿನದಿಂದ."

ಮಾಮಿ ಆವಣಿಯಿಂದ ಈಚೆಗಿನ ಭಾನುವಾರಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು. "ಅಯ್ಯೋ ರಾಮಾ," ಎಂದರು. "ನಾನು ಬೈದದ್ದೆಲ್ಲಾ?"

"ಎಲ್ಲಾ."

"ಮತ್ತೆ ಸಿನಿಮಾದಲ್ಲೇ ಮುಳುಗಿರೋ ಹಾಗೆ ಕೂತಿರ್ತಿದ್ರಿ?"

"ಈ ಸಿನಿಮಾದ ಮಾತೆಲ್ಲ ನನಗೆ ಬಾಯಿಪಾಠ ಸುಶೀಲಾ," ಎಂದರು ರಾಯರು, ಒಂದು ಕಡಲೆಯನ್ನು ಬಾಯಿಗೆ ಹಾಕಿಕೊಳ್ಳುತ್ತ. "ಅದನ್ನ ಕೇಳೋಕೆ ಯಾರು ಒಳಗೆ ಬರ್ತಾರೆ?"

ಅಪೂರ್ವಾ ನನ್ನನ್ನು ನೋಡಿದಳು. ನಾನು ಝಾಲರನ್ನು ನೋಡಿದೆ. ಮಾಮಿ ಎದ್ದು, ಬಟ್ಟಲನ್ನು ಕೈಯಲ್ಲಿ ಹಿಡಿದೇ, ಸೋಫಾದಲ್ಲಿ ರಾಯರ ಪಕ್ಕಕ್ಕೆ ಹೋಗಿ ಕುಳಿತರು. ಆಮೇಲೆ, ಮೊದಲಿಗಿಂತ ಮೆಲ್ಲಗೆ, ಮತ್ತೆ ಬೈಯಲು ಶುರು ಮಾಡಿದರು.